ಸೋಯಾ ಅವರೆಗೆ ಗೊಬ್ಬರದಂಗಡಿಯ ‘ಫುಲ್ ಕಿಟ್’: ಯಾವುದು ಇಟ್ಟುಕೊಳ್ಳಬೇಕು, ಯಾವುದು ವಾಪಸ್ ಕೊಡಬೇಕು

ವಿಮರ್ಶೆಗೆ ತೆಗೆದುಕೊಂಡಿದ್ದು: ಮಂಡ್ಯ, ಮೈಸೂರು, ನಂಜನಗೂಡು ಕಡೆಯ ಗೊಬ್ಬರದಂಗಡಿಗಳಲ್ಲಿ ‘ಸೋಯಾಗೆ ಒಂದು ಎಕರೆಗೆ ಔಷಧಿ ಕೊಡಿ’ ಅಂದರೆ ಚೀಲಕ್ಕೆ ತುಂಬಿ ಕೊಡುವ ಕಿಟ್.
ಅಂಕ: ಒಟ್ಟಾಗಿ ಕೊಂಡರೆ ಐದಕ್ಕೆ ಎರಡು. ಬಿಡಿಬಿಡಿಯಾಗಿ ಆರಿಸಿಕೊಂಡರೆ ನಾಲ್ಕು.

ಸೋಯಾ ಅವರೆ ನಮ್ಮ ಸೀಮೆಯ ಖಾಯಂ ಬೆಳೆಯಲ್ಲ. ಅದು ಬೀದರ್, ಬೆಳಗಾವಿ, ಧಾರವಾಡ, ಹಾವೇರಿಯವರದ್ದು. ಇಲ್ಲಿ ರಾಗಿ ಜೊತೆ ಅಕ್ಕಡಿ ಸಾಲಾಗಿಯೋ, ಅಲಸಂದೆ ಹಾಕುತ್ತಿದ್ದ ತುಂಡು ಹೊಲದಲ್ಲೋ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಹಾಗಾಗಿ ಸೋಯಾಗೆಂದೇ ತರಿಸಿಟ್ಟ ಸರಕು ಅಂಗಡಿಗಳಲ್ಲಿ ಕಡಿಮೆ. ಟೊಮೆಟೊ, ಮುಸುಕಿನ ಜೋಳ, ಹೊಗೆಸೊಪ್ಪಿಗೆ ಮಾರುವುದನ್ನೇ ಜೋಡಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಚೀಲದಲ್ಲಿ ಇರುವುದು: ಬೀಜೋಪಚಾರದ ಕೆಂಪು ಔಷಧಿ, ಥಯಾಮೆಥಾಕ್ಸಾಮ್–ಲ್ಯಾಂಬ್ಡಾ ಸೈಹಲೋಥ್ರಿನ್ ಜೋಡಿ ಔಷಧಿ, ಇಮಾಮೆಕ್ಟಿನ್ ಪುಡಿ, ಹೆಕ್ಸಾಕೊನಜೋಲ್, ಹೆಸರೇ ಸರಿಯಾಗಿ ಇಲ್ಲದ ಒಂದು ‘ಬಯೋ’ ಬಾಟಲಿ, ಟಾನಿಕ್, ಒಂದು ಮೋಹಕ ಬಲೆ, ನಾಲ್ಕು ಹಳದಿ ಅಂಟಿನ ಹಾಳೆ.

ಒಂದೊಂದನ್ನೂ ಬೇರೆಬೇರೆ ನೋಡಿದರೆ ಹೆಚ್ಚಿನವು ಕೆಟ್ಟ ಮಾಲಲ್ಲ. ತಕರಾರು ಇರುವುದು ಜೋಡಣೆಯಲ್ಲಿ. ಸೋಯಾ ಹೊಲದಲ್ಲಿ ಕಾಂಡ ನೊಣ, ಬಿಳಿ ನೊಣ, ಕೊಂಡ್ಲಿ ಹುಳು, ಸ್ಪೊಡಾಪ್ಟೆರಾ (ಗುಂಪಾಗಿ ಎಲೆ ತಿನ್ನುವ ಹುಳು), ಕಾಯಿಕೊರಕ, ತುಕ್ಕು ರೋಗ ಇವು ಸರದಿಯಲ್ಲಿ ಬರುವುದಿಲ್ಲ, ಒಂದರ ಮೇಲೊಂದು ಬರುತ್ತವೆ. ಒಂದಕ್ಕೆ ಹೊಡೆದಿದ್ದು ಇನ್ನೊಂದಕ್ಕೆ ದಾರಿ ಬಿಟ್ಟುಕೊಡುತ್ತದೆ. ಕಿಟ್ ಕಟ್ಟುವವರು ಆ ಲೆಕ್ಕ ಹಾಕಿರುವುದಿಲ್ಲ.

ಬೀಜೋಪಚಾರದ ಔಷಧಿ: ಇಟ್ಟುಕೊಳ್ಳಿ, ಆದರೆ ಅಳತೆ ಕೇಳಿ

ಥಯಾಮೆಥಾಕ್ಸಾಮ್ 30 ಎಫ್‌ಎಸ್ (ಇಲ್ಲಿಂದ ಮುಂದೆ ಔಷಧಿಯ ಹೆಸರಿನ ಜೊತೆಗಿನ ಸಂಖ್ಯೆ ಅದರ ಶೇಕಡಾ ಪ್ರಮಾಣ, ಎಫ್‌ಎಸ್, ಇಸಿಯಂಥ ಅಕ್ಷರಗಳು ಅದು ಯಾವ ರೂಪದ್ದು ಎಂಬ ಗುರುತು). ಇಡೀ ಕಿಟ್‌ನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವುದು ಇದೇ. ಕಾಂಡ ನೊಣ ಹಾನಿ ಮಾಡುವುದು ಮೊಳಕೆಯೊಡೆದ ಮೊದಲ ಎರಡು–ಮೂರು ವಾರದಲ್ಲಿ. ಸಾಸಿವೆ ಗಾತ್ರದ ಹೊಳೆಯುವ ಕಪ್ಪು ನೊಣ ಎಳೆ ಎಲೆಯೊಳಗೆ ಮೊಟ್ಟೆ ಇಡುತ್ತದೆ. ಹುಳು ಎಲೆಯ ನರ ಹಿಡಿದು ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ ಇಳಿಯುತ್ತದೆ. ಒಳಗೆ ಸೇರಿಕೊಂಡ ಮೇಲೆ ಮೇಲಿನಿಂದ ಏನು ಹೊಡೆದರೂ ಅರ್ಧ ವ್ಯರ್ಥ. ಗಿಡ ಹೊರಗಿನಿಂದ ಹಸಿರಾಗಿಯೇ ಇರುತ್ತದೆ. ಒಂದನ್ನು ಕಿತ್ತು ಕಾಂಡವನ್ನು ಬ್ಲೇಡಿನಿಂದ ಉದ್ದುದ್ದ ಸೀಳಿದರೆ ತಿರುಳಿನ ಜಾಗದಲ್ಲಿ ಕೆಂಗಂದು ಬಣ್ಣದ ಸುರಂಗ ಕಾಣುತ್ತದೆ, ಕೆಲವೊಮ್ಮೆ ಅದರೊಳಗೆ ಹುಳುವೋ ಕೋಶವೋ ಇರುತ್ತದೆ. ಬೀಜಕ್ಕೆ ಹಚ್ಚಿದ ಔಷಧಿ ಬೇರಿನಿಂದ ಮೇಲೇರಿ ಈ ಎಳೆ ಹಂತದಲ್ಲೇ ಕಾಯುತ್ತದೆ. ಅದೇ ಸಮಯಕ್ಕೆ ಬರುವ ಬಿಳಿ ನೊಣವನ್ನೂ ತಡೆಯುತ್ತದೆ. ಬಿಳಿ ನೊಣ ಹಳದಿ ನಂಜು ರೋಗ ಹರಡುವುದರಿಂದ ಇದು ದೊಡ್ಡ ಲಾಭ.

ಪ್ರಮಾಣ ಕೆ.ಜಿ. ಬೀಜಕ್ಕೆ 10 ಮಿ.ಲೀ. ಎಕರೆಗೆ 25ರಿಂದ 30 ಕೆ.ಜಿ. ಬೀಜ ಅಂದರೆ 250ರಿಂದ 300 ಮಿ.ಲೀ. ಬೇಕು. ಕಿಟ್‌ನಲ್ಲಿ ಹಾಕುವುದು ಬಹುತೇಕ 100 ಮಿ.ಲೀ. ಬಾಟಲಿ. ಅದು 10 ಕೆ.ಜಿ. ಬೀಜಕ್ಕೆ ಸರಿ. ಅದನ್ನೇ ಇಡೀ ಚೀಲಕ್ಕೆ ಎಳೆದರೆ ಬೀಜಕ್ಕೆ ಕೆಂಪು ಬಣ್ಣ ಹಿಡಿಯುತ್ತದೆ, ರಕ್ಷಣೆ ಹಿಡಿಯುವುದಿಲ್ಲ. ಬಣ್ಣ ನೋಡಿ ಸಮಾಧಾನಪಟ್ಟವರೇ ಆಮೇಲೆ ‘ಬೀಜೋಪಚಾರ ಮಾಡಿದರೂ ನೊಣ ಬಂತು’ ಅನ್ನುವುದು.

ಹಚ್ಚುವ ಕ್ರಮವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮೊದಲು ಶಿಲೀಂಧ್ರನಾಶಕ (ಕಾರ್ಬಾಕ್ಸಿನ್–ಥೈರಾಮ್ ಮಿಶ್ರಣ, ಕೆ.ಜಿ.ಗೆ 3 ಗ್ರಾಂ), ಅದರ ಮೇಲೆ ಕೀಟನಾಶಕ, ನೆರಳಲ್ಲಿ ಆರಿದ ಮೇಲೆ, ಬಿತ್ತುವ ಹೊತ್ತಿಗೆ, ಕೊನೆಯಲ್ಲಿ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಸೂಕ್ಷ್ಮಾಣು). ಸೋಯಾಗೆ ಬೇಕಾದ ರೈಜೋಬಿಯಂ ಬೇರೆ ಜಾತಿಯದು, ಬ್ರಾಡಿರೈಜೋಬಿಯಂ ಜಪೋನಿಕಂ. ಅಲಸಂದೆ, ಶೇಂಗಾಕ್ಕೆಂದು ಇಟ್ಟ ಪೊಟ್ಟಣ ಇದಕ್ಕೆ ಆಗುವುದಿಲ್ಲ. ನಮ್ಮ ಕಡೆ ಸೋಯಾ ಹೊಸ ಬೆಳೆಯಾದ್ದರಿಂದ ಮಣ್ಣಿನಲ್ಲಿ ಅದು ತಾನಾಗಿ ಇರುವ ಸಂಭವ ಕಡಿಮೆ. ಕೇಳಿ ತೆಗೆದುಕೊಳ್ಳಬೇಕು. ಇನ್ನೊಂದು, ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಕಡಲೆ ಬೀಜ ಉಜ್ಜಿದ ಹಾಗೆ ಗೋಣಿತಾಟಿನ ಮೇಲೆ ಉಜ್ಜಿದರೆ ಸಿಪ್ಪೆ ಬಿಟ್ಟು ಮೊಳಕೆ ಹೊಡೆತ ತಿನ್ನುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ನಾಲ್ಕು ಮೂಲೆ ಎತ್ತಿ ಹೊರಳಾಡಿಸಿದರೆ ಸಾಕು. ಕೈಗವಸು ಇರಲಿ. ಉಳಿದ ಬೀಜ ಕೋಳಿಗೂ ಹಾಕುವಂತಿಲ್ಲ.

ಜೋಡಿ ಔಷಧಿ: ಇಲ್ಲೇ ಕಿಟ್ ಎಡವುವುದು

ಥಯಾಮೆಥಾಕ್ಸಾಮ್ 12.6 ಮತ್ತು ಲ್ಯಾಂಬ್ಡಾ ಸೈಹಲೋಥ್ರಿನ್ 9.5 ಝೆಡ್‌ಸಿ. ‘ಇದೊಂದು ಹೊಡೀರಿ ಸ್ವಾಮಿ, ರಸ ಹೀರೋದೂ ಹೋಗುತ್ತೆ, ತಿನ್ನೋದೂ ಹೋಗುತ್ತೆ’ ಎಂದು ಕೊಡುವ ಬಾಟಲಿ. ಮಾತು ಸುಳ್ಳಲ್ಲ. ಸೋಯಾಗೆ ಹೆಕ್ಟೇರಿಗೆ 125 ಮಿ.ಲೀ., ಅಂದರೆ ಎಕರೆಗೆ 50 ಮಿ.ಲೀ. ಪ್ರಮಾಣದಲ್ಲಿ ಶಿಫಾರಸೂ ಇದೆ. ಕಾಂಡ ನೊಣ, ಕೊಂಡ್ಲಿ ಹುಳು, ಉಂಗುರ ದುಂಬಿ ಮೂರಕ್ಕೂ ಏಟು ಬೀಳುತ್ತದೆ. ಹೊಡೆದ ಮಾರನೆಯ ದಿನ ಹುಳು ಸತ್ತು ಬಿದ್ದಿರುವುದು ಕಾಣುವುದರಿಂದ ಮಾರುವವರಿಗೂ ಕೊಳ್ಳುವವರಿಗೂ ಖುಷಿ.

ಆದರೆ ಈ ಕಿಟ್‌ನಲ್ಲಿ ಅದು ಎರಡು ಕಾರಣಕ್ಕೆ ತಪ್ಪು ಜಾಗದಲ್ಲಿದೆ.

ಮೊದಲನೆಯದು, ಬೀಜಕ್ಕೆ ಹಚ್ಚಿದ್ದೂ ಥಯಾಮೆಥಾಕ್ಸಾಮ್, ಇಪ್ಪತ್ತನೇ ದಿನಕ್ಕೆ ಮೇಲಿನಿಂದ ಹೊಡೆಯುವುದೂ ಥಯಾಮೆಥಾಕ್ಸಾಮ್. ಬೀಜದಿಂದ ಏರಿದ್ದನ್ನು ತಾಳಿಕೊಂಡು ಉಳಿದ ಬಿಳಿ ನೊಣದ ಮೇಲೆ ಅದೇ ಗುಂಪಿನ, ಅಂದರೆ ಒಂದೇ ರೀತಿಯಲ್ಲಿ ಕೊಲ್ಲುವ, ಔಷಧಿ ಮತ್ತೆ ಬೀಳುತ್ತದೆ. ಗಟ್ಟಿ ಬಿಳಿ ನೊಣವನ್ನು ಆರಿಸಿ ಬೆಳೆಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಬೇಡ. ಅಕ್ಕಪಕ್ಕದ ಟೊಮೆಟೊ, ಬೆಂಡೆಗೂ ಇದೇ ಗುಂಪು ಹೊಡೆಯುತ್ತಿರುವ ನಂಜನಗೂಡು, ತಿ. ನರಸೀಪುರದಂಥ ತರಕಾರಿ ಸೀಮೆಯಲ್ಲಂತೂ ಬೇಡವೇ ಬೇಡ.

ಎರಡನೆಯದು ಇನ್ನೂ ದೊಡ್ಡದು. ಲ್ಯಾಂಬ್ಡಾ ಸೈಹಲೋಥ್ರಿನ್ ಪೈರೆಥ್ರಾಯ್ಡ್ ಜಾತಿಯದು. ಅದು ಹುಳುವನ್ನಷ್ಟೇ ಹುಡುಕಿ ಕೊಲ್ಲುವುದಿಲ್ಲ. ಗುಲಗಂಜಿ ಹುಳು, ಜೇಡ, ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸಣ್ಣ ಕಣಜ ಎಲ್ಲವನ್ನೂ ಗುಡಿಸಿ ಹಾಕುತ್ತದೆ. ಹತ್ತು–ಹದಿನೈದು ದಿನ ಹೊಲ ಖಾಲಿ ಖಾಲಿ ಕಾಣುತ್ತದೆ. ಆಮೇಲೆ ಮೊದಲು ವಾಪಸ್ ಬರುವುದು ಬಿಳಿ ನೊಣ ಮತ್ತು, ಮಳೆ ಕೈಕೊಟ್ಟಿದ್ದರೆ, ಜೇಡನುಸಿ. ಅವನ್ನು ತಿನ್ನುವವರು ಯಾರೂ ಉಳಿದಿರುವುದಿಲ್ಲ. ಹಳದಿ ನಂಜು ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಾಣಿಸಿಕೊಳ್ಳುತ್ತದೆ. ರೈತ ಮತ್ತೆ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಎರಡನೇ ಬಾಟಲಿಯೂ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಇರುವುದೇ ಸಿಗುತ್ತದೆ.

ಹಾಗಂತ ಇದನ್ನು ಕಸಕ್ಕೆ ಹಾಕಬೇಕೆಂದಲ್ಲ. ಬೀಜೋಪಚಾರ ಮಾಡದೇ ಬಿತ್ತಿದ್ದಾಗ, ಹೂವಿಗೆ ಮುಂಚೆ, ಉಂಗುರ ದುಂಬಿಯೂ ಕೊಂಡ್ಲಿ ಹುಳುವೂ ಒಟ್ಟಿಗೆ ಜೋರಾಗಿದ್ದಾಗ ಒಂದೇ ಒಂದು ಸಲ ಬಳಸಿದರೆ ಲಾಭವೇ. ಹೂ ಬಂದ ಮೇಲೆ ಜೇನಿಗೆ ಇದು ಸಾಕ್ಷಾತ್ ವಿಷ. ಇಮಿಡಾಕ್ಲೊಪ್ರಿಡ್–ಬೀಟಾ ಸೈಫ್ಲುಥ್ರಿನ್ ಜೋಡಿಗೂ (ಎಕರೆಗೆ 140 ಮಿ.ಲೀ.) ಇದೇ ಮಾತು ಅನ್ವಯ. ಹೆಸರು ಬೇರೆ, ಕಂಪನಿ ಬೇರೆ, ಕೆಲಸ ಮಾಡುವ ರೀತಿ ಒಂದೇ.

ಇದರ ಬದಲಿಗೆ ಕೇಳಬೇಕಾದ್ದು ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ. ರೈತರ ಬಾಯಲ್ಲಿ ಕೊರಾಜೆನ್ ಎಂದೇ ರೂಢಿ. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಹಲವು ಕಂಪನಿಗಳು ಇದನ್ನು ಬಿಟ್ಟಿವೆ, ಬೆಲೆಯೂ ಇಳಿದಿದೆ. ಎಕರೆಗೆ 60 ಮಿ.ಲೀ.; ಅಷ್ಟೇ ಅಳತೆಯ ಬಾಟಲಿಯೂ ಸಿಗುತ್ತದೆ. ಡಬ್ಬಿಯ ಮೇಲೆ ಹಸಿರು ತ್ರಿಕೋನ, ಅಂದರೆ ವಿಷ ಅತಿ ಕಡಿಮೆ ಇರುವ ವರ್ಗದ ಗುರುತು. ಎಲೆ ತಿಂದ ಹುಳುವಿಗೆ ಕೆಲವೇ ಗಂಟೆಯಲ್ಲಿ ಬಾಯಿ ಕಟ್ಟುತ್ತದೆ, ಸಾಯುವುದು ಎರಡು–ಮೂರು ದಿನಕ್ಕೆ. ಮಾರನೆಯ ದಿನ ಹುಳು ಗಿಡದಲ್ಲೇ ಇದೆ ಎಂದು ಗಾಬರಿಯಾಗಿ ಇನ್ನೊಂದು ಔಷಧಿ ಹೊಡೆಯುವವರು ದಂಡಿಯಾಗಿದ್ದಾರೆ. ಹೊಸದಾಗಿ ತಿಂದ ಗುರುತು ಇದೆಯೇ ನೋಡಿ. ತಿನ್ನುವುದು ನಿಂತಿದ್ದರೆ ಔಷಧಿ ಕೆಲಸ ಮಾಡಿದೆ. ಗುಲಗಂಜಿ, ಜೇಡಗಳಿಗೆ ಪೈರೆಥ್ರಾಯ್ಡ್‌ನಷ್ಟು ಹಾನಿಯಿಲ್ಲ. ಬಿಳಿ ನೊಣಕ್ಕೆ ಮಾತ್ರ ಇದರಿಂದ ಹೆಚ್ಚೇನೂ ಆಗುವುದಿಲ್ಲ, ಆ ಕೆಲಸವನ್ನು ಬೀಜೋಪಚಾರಕ್ಕೂ ಹೊಲದ ಮಿತ್ರ ಕೀಟಗಳಿಗೂ ಬಿಡಬೇಕು.

ಒಂದು ಎಚ್ಚರ: ಅಂಗಡಿಯವರು ಇದನ್ನೇ ಲ್ಯಾಂಬ್ಡಾ ಸೇರಿಸಿದ ರೂಪದಲ್ಲಿ (9.3 + 4.6 ಝೆಡ್‌ಸಿ, ಎಕರೆಗೆ 80 ಮಿ.ಲೀ.) ‘ಇನ್ನೂ ಪವರ್ ಜಾಸ್ತಿ’ ಎಂದು ಕೊಡುತ್ತಾರೆ. ಹಸಿರು ತ್ರಿಕೋನದ ಔಷಧಿಯ ಒಳ್ಳೆಯತನವನ್ನು ಲ್ಯಾಂಬ್ಡಾ ಕೆಡಿಸಿಬಿಡುತ್ತದೆ. ಎರಡನೇ ಸಲ ಬೇಕಾದರೆ ಫ್ಲುಬೆಂಡಿಯಮೈಡ್ ಅಥವಾ ಟೆಟ್ರಾನಿಲಿಪ್ರೋಲ್ ಕೊಟ್ಟು ‘ಬದಲಾಯಿಸಿ ಕೊಟ್ಟಿದ್ದೀನಿ’ ಅಂದರೆ ನಂಬಬೇಡಿ, ಮೂರೂ ಒಂದೇ ಗುಂಪು. ಡಬ್ಬಿಯ ಮೇಲೆ ಗುಂಪಿನ ಸಂಖ್ಯೆ ಮುದ್ರಿಸಿದ್ದರೆ ಮೂರರಲ್ಲೂ 28 ಎಂದೇ ಇರುತ್ತದೆ. ನಿಜವಾಗಿ ಬದಲಾಯಿಸುವುದೆಂದರೆ ಇಂಡಾಕ್ಸಾಕಾರ್ಬ್ 15.8 ಇಸಿ, ಎಕರೆಗೆ 133 ಮಿ.ಲೀ.

ಇಮಾಮೆಕ್ಟಿನ್ ಪುಡಿ

ಒಳ್ಳೆಯ ಔಷಧಿ, ಸ್ಪೊಡಾಪ್ಟೆರಾಗೆ ಚುರುಕು. ತೊಂದರೆ ಎರಡು. ಸೋಯಾಗೆ ಇಂದೋರಿನ ಸೋಯಾಬೀನ್ ಸಂಶೋಧನಾ ಸಂಸ್ಥೆ ಹೇಳುವುದು 1.9 ಇಸಿ ರೂಪವನ್ನು, ಹೆಕ್ಟೇರಿಗೆ 425 ಮಿ.ಲೀ. ಅಂದರೆ ಎಕರೆಗೆ 170. ಅಂಗಡಿಯಲ್ಲಿ ಸಿಗುವುದು 5 ಎಸ್‌ಜಿ ಪುಡಿ. ಎರಡರ ಅಳತೆ ಬೇರೆ, ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇನ್ನೊಂದು, ಎಲೆಯ ಮೇಲೆ ಉಳಿದ ಇಮಾಮೆಕ್ಟಿನ್ ಬಿಸಿಲಿಗೆ ಬೇಗ ಕರಗುತ್ತದೆ. ಸಂಜೆ ಐದರ ಮೇಲೆ ಹೊಡೆದರೆ ಮಾತ್ರ ಪೂರ್ತಿ ಫಲ. ಸ್ಪೊಡಾಪ್ಟೆರಾದ ದೊಡ್ಡ ಹುಳು ಹಗಲೆಲ್ಲ ಮಣ್ಣಿನ ಬಿರುಕಲ್ಲಿ, ಒಣಗಿದ ಎಲೆಯ ಅಡಿಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಮೇಲೆ ಬರುತ್ತದೆ, ಸಂಜೆ ಹೊಡೆಯಲು ಅದೂ ಒಂದು ಕಾರಣ.

ಹೆಕ್ಸಾಕೊನಜೋಲ್: ಕಿಟ್‌ನಲ್ಲಿ ಇದನ್ನು ಯಾಕೆ ಇಟ್ಟರು?

ತುಕ್ಕು ರೋಗ ಕೃಷ್ಣಾ ಕಣಿವೆಯ ಸೋಯಾ ಬೆಳೆಗಾರರಿಗೆ ದೊಡ್ಡ ತಲೆನೋವು. ಧಾರವಾಡ ಕೃಷಿ ವಿಶ್ವವಿದ್ಯಾಲಯ ತುಕ್ಕು ನಿರೋಧಕ ಡಿಎಸ್‌ಬಿ 21 ತಳಿಯನ್ನು ಹೊರತಂದದ್ದೂ ಅದಕ್ಕೇ. ಅಲ್ಲಿನ ಪಟ್ಟಿಯನ್ನು ನೋಡಿ ಇಲ್ಲಿಯ ಕಿಟ್‌ಗೂ ಹೆಕ್ಸಾಕೊನಜೋಲ್ 5 ಇಸಿ ಸೇರಿಸಿದ್ದಾರೆ. ರೋಗ ಬಂದರೆ ಲೀಟರಿಗೆ 1 ಮಿ.ಲೀ. ಸರಿಯಾದ ಔಷಧಿಯೇ. ‘ಮುಂಜಾಗ್ರತೆಗೆ ಹುಳುವಿನ ಔಷಧಿ ಜೊತೆ ಕಲಸಿ ಹೊಡೆದುಬಿಡಿ’ ಅನ್ನುವ ಸಲಹೆ ಮಾತ್ರ ಒಪ್ಪುವಂಥದ್ದಲ್ಲ.

ಯಾಕೆಂದರೆ ಮಳೆಗಾಲದಲ್ಲಿ ಸ್ಪೊಡಾಪ್ಟೆರಾ ಮತ್ತು ಕೊಂಡ್ಲಿ ಹುಳುವನ್ನು ಪುಕ್ಕಟೆಯಾಗಿ ಕೊಲ್ಲುವ ಒಂದು ಶಿಲೀಂಧ್ರ ಇದೆ. ಮೆಟಾರೈಜಿಯಂ ರಿಲೇಯಿ, ಹಳೆಯ ಪುಸ್ತಕಗಳಲ್ಲಿ ನೊಮೂರಿಯಾ. ಮೋಡ, ತುಂತುರು, ತಂಪು ನಾಲ್ಕೈದು ದಿನ ಎಡೆಬಿಡದೆ ಇದ್ದರೆ ಹೊಲದಲ್ಲಿ ಹುಳುಗಳು ಎಲೆಗೆ ಅಂಟಿಕೊಂಡೇ ಸೆಟೆದು ಸಾಯುತ್ತವೆ. ಮೊದಲು ಮೈಮೇಲೆ ಬಿಳಿ ಬೂಷ್ಟು, ಎರಡು ದಿನದಲ್ಲಿ ಅದೇ ತಿಳಿ ಹಸಿರು ಪುಡಿಯಾಗುತ್ತದೆ. ಆ ಪುಡಿ ಗಾಳಿಗೆ ಹಾರಿ ಪಕ್ಕದ ಹುಳುವಿಗೆ ಅಂಟುತ್ತದೆ. ಒಂದು ಸಲ ಈ ಕಾಯಿಲೆ ಹಬ್ಬಿದರೆ ಯಾವ ಬಾಟಲಿಯೂ ಮಾಡದ ಕೆಲಸವನ್ನು ಅದು ಮಾಡುತ್ತದೆ. ತುಕ್ಕಿನ ಔಷಧಿ ಬಿದ್ದರೆ ಎಲೆಯ ಮೇಲಿನ ಕೆಟ್ಟ ಶಿಲೀಂಧ್ರದ ಜೊತೆಗೆ ಹುಳುವಿನ ಮೇಲಿನ ಒಳ್ಳೆಯ ಶಿಲೀಂಧ್ರವೂ ಹಿಂದೆ ಬೀಳುತ್ತದೆ. ರೋಗವೇ ಇಲ್ಲದ ಹೊಲಕ್ಕೆ ಹೆಕ್ಸಾಕೊನಜೋಲ್ ಹೊಡೆದು ಹದಿನೈದು ದಿನಕ್ಕೆ ‘ಹುಳು ಯಾಕೋ ಈ ಸಲ ಜಾಸ್ತಿ’ ಅನ್ನುವುದು ಇದರಿಂದಲೂ ಇರಬಹುದು.

ಆದ್ದರಿಂದ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕೆಳಗಿನ ಎಲೆ ಮಗುಚಿ ನೋಡಿ. ಅಡಿಭಾಗದಲ್ಲಿ ಕಂದು ಬಣ್ಣದ ಉಬ್ಬು ಚುಕ್ಕೆಗಳಿದ್ದು, ಬೆರಳಲ್ಲಿ ಸವರಿದರೆ ಪುಡಿ ಹತ್ತಿದರೆ ಅದು ತುಕ್ಕು. ಆಗ ಕಾಯಬೇಡಿ, ಹೊಡೆಯಿರಿ. ಇಲ್ಲದಿದ್ದರೆ ಆ ಬಾಟಲಿ ಅಂಗಡಿಯಲ್ಲೇ ಇರಲಿ. ಎರಡೂ ಒಟ್ಟಿಗೆ ಕಂಡರೆ, ಅಂದರೆ ಕೆಳಗೆ ತುಕ್ಕು, ಮೇಲೆ ಬೂಷ್ಟು ಹಿಡಿದ ಹುಳು, ತುಕ್ಕಿಗೇ ಮೊದಲ ಮಣೆ. ತುಕ್ಕು ಎಲೆ ಉದುರಿಸುವ ವೇಗಕ್ಕೆ ಯಾವ ಹುಳುವೂ ಸಾಟಿಯಲ್ಲ. ಹುಳುವಿಗೆ ಕ್ಲೋರಾಂಟ್ರಾನಿಲಿಪ್ರೋಲ್‌ನಂಥದ್ದು ಕೈಲಿದ್ದೇ ಇದೆ.

‘ಬಯೋ’ ಬಾಟಲಿ ಮತ್ತು ಟಾನಿಕ್

ಬಯೋ ಬಾಟಲಿಗೆ ಸೊನ್ನೆ. ಕೀಟನಾಶಕ ಕಾಯ್ದೆ 1968ರ ಪ್ರಕಾರ ಹುಳು ಕೊಲ್ಲುತ್ತೇನೆ ಎಂದು ಹೇಳುವ ಜೈವಿಕ ಔಷಧಿಗೂ ನೋಂದಣಿ ಸಂಖ್ಯೆ ಇರಬೇಕು. ಡಬ್ಬಿಯನ್ನು ಸುತ್ತ ತಿರುಗಿಸಿ ನೋಡಿ. ಸಂಖ್ಯೆ ಇಲ್ಲದೆ ‘ಸಸ್ಯಜನ್ಯ’, ‘ನೂರಕ್ಕೆ ನೂರು ಸಾವಯವ’ ಅಂತ ಮಾತ್ರ ಬರೆದಿದ್ದರೆ ಬೇಡ. ಅಂಥದ್ದನ್ನು ಹೊಡೆದ ಒಂದು ಗಂಟೆಯಲ್ಲೇ ಹುಳು ವಿಲವಿಲ ಒದ್ದಾಡಿ ಸತ್ತರೆ ಒಳಗೆ ಹೆಸರು ಹೇಳದ ರಾಸಾಯನಿಕ ಸೇರಿದೆ ಎಂದು ಅನುಮಾನಿಸಬೇಕು. ನಿಜವಾದ ಎನ್‌ಪಿವಿ (ಹುಳುವಿಗೆ ರೋಗ ತರುವ ವೈರಸ್ಸಿನ ಔಷಧಿ) ಹುಳು ಕೊಲ್ಲಲು ಐದರಿಂದ ಏಳು ದಿನ ಬೇಕು. ಸತ್ತ ಹುಳು ತಲೆಕೆಳಗಾಗಿ ಜೋತಾಡುತ್ತದೆ, ಮುಟ್ಟಿದರೆ ಮೈ ಒಡೆದು ನೀರಾಗುತ್ತದೆ.

ನೋಂದಣಿ ಇರುವ ಸ್ಪೊಡಾಪ್ಟೆರಾ ಎನ್‌ಪಿವಿ (ಹೆಕ್ಟೇರಿಗೆ 250 ಎಲ್‌ಇ, ಎಕರೆಗೆ 100; ಎಲ್‌ಇ ಅಂದರೆ ರೋಗ ಹಿಡಿದ ಒಂದು ಹುಳುವಿನಲ್ಲಿರುವಷ್ಟು ವೈರಸ್), ಬೇವಿನ ಅಜಾಡಿರಾಕ್ಟಿನ್ 1500 ಪಿಪಿಎಂ (ಲೀಟರಿಗೆ 5 ಮಿ.ಲೀ.) ಇವಕ್ಕೆ ಕೊಡುವ ದುಡ್ಡು ದಂಡವಲ್ಲ, ಹುಳು ಇನ್ನೂ ಸಣ್ಣದಿರುವಾಗ, ಸಂಜೆ ಹೊತ್ತು ಹೊಡೆದರೆ. ಹೆಬ್ಬೆರಳಿನಷ್ಟು ಬೆಳೆದ ಹುಳುವಿಗೆ ಎನ್‌ಪಿವಿ ಹೊಡೆದು ‘ಕೆಲಸ ಮಾಡಲಿಲ್ಲ’ ಅಂದರೆ ಅದು ಔಷಧಿಯ ತಪ್ಪಲ್ಲ. ಇಂಥವಕ್ಕೆ ಅಂಗಡಿಗಿಂತ ಮಂಡ್ಯದ ವಿ.ಸಿ. ಫಾರಂ ಅಥವಾ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಿ ನೋಡಿ, ದಾಸ್ತಾನಿದ್ದರೆ ಅದೃಷ್ಟ.

ಟಾನಿಕ್ ಬೇಡ. ಕಿತ್ತ ಗಿಡದ ಬೇರಿನ ಗಂಟು ಕತ್ತರಿಸಿದಾಗ ಒಳಗೆ ನಸುಗೆಂಪು ಇದ್ದರೆ ಗಿಡ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತಿದೆ. ಅದರ ಮೇಲೆ ಯೂರಿಯಾ ಎರಚಿದರೆ ಎಲೆ ಮೆತ್ತಗಾಗಿ ಸೊಂಪಾಗುತ್ತದೆ, ಬಿಳಿ ನೊಣಕ್ಕೂ ಎಲೆ ತಿನ್ನುವ ಹುಳುವಿಗೂ ಅದೇ ಬೇಕು.

ಬಲೆ, ಹಾಳೆ

ಮೋಹಕ ಬಲೆ ಕಿಟ್‌ನಲ್ಲಿ ಅಲಂಕಾರಕ್ಕೆ ಇದ್ದಂತಿದೆ, ಯಾರೂ ವಿವರಿಸಿ ಕೊಡುವುದಿಲ್ಲ. ಮೊದಲು ಲ್ಯೂರ್ (ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಗುಳಿಗೆ) ಪೊಟ್ಟಣದ ಮೇಲಿನ ಹೆಸರು ಓದಿ. ಸೋಯಾಗೆ ಬೇಕಾದ್ದು ಸ್ಪೊಡಾಪ್ಟೆರಾ ಲಿಟ್ಯೂರ. 2018ರಲ್ಲಿ ಮುಸುಕಿನ ಜೋಳಕ್ಕೆ ಫಾಲ್ ಆರ್ಮಿವರ್ಮ್ ಬಂದಾಗಿನಿಂದ ಅಂಗಡಿಗಳಲ್ಲಿ ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಲ್ಯೂರ್ ಹೆಚ್ಚು ಓಡುತ್ತದೆ. ‘ಸ್ಪೊಡಾಪ್ಟೆರಾ ಲ್ಯೂರ್ ಕೊಡಿ’ ಅಂದರೆ ಕೈಗೆ ಬರುವುದು ಅದೇ. ತಪ್ಪು ಲ್ಯೂರ್ ಹಾಕಿದ ಬಲೆ ಖಾಲಿ ಇರುತ್ತದೆ, ಹೊಲದಲ್ಲಿ ಹುಳು ಇಲ್ಲವೆಂದು ರೈತ ನಿಶ್ಚಿಂತೆಯಾಗಿರುತ್ತಾನೆ. ಬಲೆ ಇಲ್ಲದಿರುವುದೇ ವಾಸಿ.

ಎಕರೆಗೆ ಕನಿಷ್ಠ ಎರಡು ಬಲೆ, ಬೆಳೆಯ ತುದಿಗಿಂತ ಒಂದಡಿ ಮೇಲೆ. ಬೆಳೆ ಎತ್ತರವಾದಂತೆ ಬಲೆಯನ್ನೂ ಏರಿಸಬೇಕು. ಲ್ಯೂರನ್ನು ಬರಿಗೈಯಲ್ಲಿ ಮುಟ್ಟಬಾರದು, ಬೀಡಿ ಸಿಗರೇಟು ಹಿಡಿದ ಕೈಯಲ್ಲಂತೂ ಬೇಡವೇ ಬೇಡ. ಮೂರು–ನಾಲ್ಕು ವಾರಕ್ಕೆ ಹೊಸದು. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಎರಡು ಬಲೆಯಿಂದ ಹುಳು ನಿಯಂತ್ರಣ ಆಗುವುದಿಲ್ಲ. ಯಾವಾಗ ಎಲೆ ಮಗುಚಿ ನೋಡಬೇಕು ಎಂದು ಅದು ಹೇಳುತ್ತದೆ, ಅಷ್ಟೇ. ಪತಂಗ ದಿಢೀರನೆ ಏರಿದ ವಾರದೊಳಗೆ ಎಲೆಯಡಿ ಕಂದು ರೋಮ ಹೊದ್ದ ಮೊಟ್ಟೆ ಗುಂಪುಗಳು, ಆಮೇಲೆ ಜಾಲರಿಯಾದ ಎಲೆಗಳು ಕಾಣುತ್ತವೆ. ಒಂದೇ ಎಲೆಯಲ್ಲಿ ನೂರಾರು ಮರಿ ಗುಂಪಾಗಿ ಕೂತಿರುವ ಆ ಎರಡು–ಮೂರು ದಿನ ಎಲೆ ಸಮೇತ ಕಿತ್ತು ಸೋಪಿನ ನೀರಿಗೆ ಹಾಕಿದರೆ ಒಂದು ಸಿಂಪಡಣೆಯೇ ಉಳಿಯಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಈ ಹುಳುವಿಗೆ ಹೊಗೆಸೊಪ್ಪು ಅಚ್ಚುಮೆಚ್ಚು, ಅಲ್ಲಿ ಸೊಪ್ಪು ಮುರಿಯುತ್ತ ಬಂದಂತೆ ಪತಂಗ ಪಕ್ಕದ ಎಳೆ ಸೋಯಾಗೆ ತಿರುಗುತ್ತದೆ. ಬದುವಿಗೆ ನಾಲ್ಕು ಹರಳು ಗಿಡ ಹಾಕಿದ್ದರೆ ಮೊಟ್ಟೆ ಮೊದಲು ಅದರ ಎಲೆಯಲ್ಲೇ ಸಿಗುತ್ತದೆ, ಅಗಲ ಎಲೆಯಾದ್ದರಿಂದ ಹುಡುಕುವುದೂ ಸುಲಭ.

ಹಳದಿ ಹಾಳೆ ಎಕರೆಗೆ ನಾಲ್ಕು ಸಾಲದು, ಹತ್ತಾದರೂ ಬೇಕು. ಧೂಳು ಕೂತರೆ ಅಂಟು ಹೋಯಿತು.

ಕಿಟ್‌ನಲ್ಲಿ ಇಲ್ಲದ್ದು

ಒಂದು ಮೀಟರ್ ಬಿಳಿ ಬಟ್ಟೆ. ಸಾಲಿನ ನಡುವೆ ಹಾಸಿ, ಒಂದು ಮೀಟರ್ ಉದ್ದದ ಸಾಲಿನಲ್ಲಿರುವ ಗಿಡಗಳನ್ನು ಅದರ ಮೇಲೆ ಬಗ್ಗಿಸಿ ಒದರಿ, ಬಿದ್ದದ್ದನ್ನು ಎಣಿಸಬೇಕು. ಎಕರೆಯಲ್ಲಿ ಓರೆಕೋರೆಯಾಗಿ ನಡೆದು ಹತ್ತು ಕಡೆ. ಕೊಂಡ್ಲಿ ಹುಳು ಹೂವಿನ ಹೊತ್ತಿಗೆ ಮೀಟರಿಗೆ ನಾಲ್ಕು, ಕಾಯಿ ತುಂಬುವಾಗ ಮೂರು ದಾಟಿದರೆ ಔಷಧಿ. ಹೂವಿಗೆ ಮುಂಚೆ ಸೋಯಾ ಗಿಡ ಮೂರನೇ ಒಂದು ಭಾಗದಷ್ಟು ಎಲೆ ಕಳೆದುಕೊಂಡರೂ ಮತ್ತೆ ಚಿಗುರಿ ಇಳುವರಿ ಕಾಯ್ದುಕೊಳ್ಳುತ್ತದೆ. ತೂತು ಎಲೆ ಕಂಡ ಕೂಡಲೇ ಅಂಗಡಿಗೆ ಓಡಬೇಕಾಗಿಲ್ಲ. ಕಾಯಿ ಕಟ್ಟಿದ ಮೇಲೆ ಆ ತಾಳಿಕೆ ಅರ್ಧಕ್ಕೆ ಇಳಿಯುತ್ತದೆ, ಆಗ ಸಲಿಗೆ ಬೇಡ.

ಗುರುತಿಸುವ ತಪ್ಪಿಗೆ ಕಿಟ್ ಏನೂ ಮಾಡಲಾರದು. ಗಿಡದ ಮೇಲ್ಭಾಗ ಬಾಡಿದ್ದಕ್ಕೆ ‘ಬೇರು ಕೊಳೆ’ ಎಂದು ಕಾರ್ಬೆಂಡಾಜಿಮ್ ಕೊಟ್ಟು ಬುಡಕ್ಕೆ ಸುರಿಸುತ್ತಾರೆ. ಬಾಡಿದ ಜಾಗದ ಕೆಳಗೆ ಕಾಂಡದಲ್ಲೋ ತೊಟ್ಟಿನಲ್ಲೋ ಒಂದರ ಮೇಲೊಂದು ಎರಡು ಉಂಗುರ ಕಡಿದ ಗುರುತಿದ್ದರೆ ಅದು ಉಂಗುರ ದುಂಬಿ. ಉಂಗುರದ ಕೆಳಗಿನಿಂದ ಮುರಿದು ಹೊಲದಾಚೆ ಸುಡುವುದೇ ಮೊದಲ ಚಿಕಿತ್ಸೆ. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಟ್ರೈಜೋಫಾಸ್ ಎಂದಿದೆ. 2020ರ ಕೊನೆಗೆ ಅದು ನಿಷೇಧವಾಯಿತು. ಹಳೇ ದಾಸ್ತಾನು ಎಂದು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಎಳೆ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವೆ ಮಾತ್ರ ಒಂದೇ ಸಮ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಹಳದಿ ತೇಪೆಗಳು ಅಡ್ಡಾದಿಡ್ಡಿ ಹರಡಿ, ಗಿಡಗಳೂ ಅಲ್ಲೊಂದು ಇಲ್ಲೊಂದು ಇದ್ದರೆ ನಂಜು. ನಂಜಿನ ಗಿಡ ಕಂಡ ದಿನವೇ ಕಿತ್ತರೆ ಬಿಳಿ ನೊಣಕ್ಕೆ ಹೊತ್ತೊಯ್ಯಲು ರೋಗ ಸಿಗುವುದಿಲ್ಲ.

ಟ್ಯಾಂಕಿನ ಲೆಕ್ಕ

ಮುಚ್ಚಳದ ಅಳತೆ ಹೇಳಿಕೊಡುವ ಅಂಗಡಿಯವರು ನೀರಿನ ಅಳತೆ ಹೇಳುವುದಿಲ್ಲ. ಬೆನ್ನಿನ ಸ್ಪ್ರೇಯರಿನಲ್ಲಿ ಬೆಳೆದ ಸೋಯಾಗೆ ಎಕರೆಗೆ 200 ಲೀಟರ್ ನೀರು, ಅಂದರೆ 16 ಲೀಟರಿನ ಹನ್ನೆರಡೂವರೆ ಟ್ಯಾಂಕ್. 60 ಮಿ.ಲೀ. ಕ್ಲೋರಾಂಟ್ರಾನಿಲಿಪ್ರೋಲ್ ಅಂದರೆ ಟ್ಯಾಂಕಿಗೆ 5 ಮಿ.ಲೀ.ಗಿಂತ ತುಸು ಕಡಿಮೆ. ಟ್ಯಾಂಕಿಗೆ ಐದೇ ಹಾಕಿ, ಆರು ಟ್ಯಾಂಕಿಗೆ ಎಕರೆ ಮುಗಿಸಿದರೆ ಬಿದ್ದದ್ದು 30 ಮಿ.ಲೀ., ಅರ್ಧ ಪ್ರಮಾಣ. ಸಣ್ಣ ಹುಳು ಸಾಯುತ್ತದೆ, ದೊಡ್ಡದು ಉಳಿಯುತ್ತದೆ, ‘ಔಷಧಿ ಡೂಪ್ಲಿಕೇಟು’ ಅನ್ನುವ ಮಾತು ಹುಟ್ಟುತ್ತದೆ. ಹಾಲೋ ಕೋನ್ ನಾಝಲ್ (ಹನಿಯನ್ನು ಟೊಳ್ಳು ಶಂಕುವಿನಂತೆ ಚಿಮ್ಮಿಸುವ ಮೂತಿ) ಹಾಕಿ, ಲ್ಯಾನ್ಸ್ (ಸಿಂಪಡಿಸುವ ಕೊಳವೆ) ಸಾಲಿನ ಪಕ್ಕಕ್ಕೆ ಇಳಿಸಿ ಎಲೆಯ ಅಡಿಗೂ ಹೊಡೆಯಬೇಕು. ಡ್ರೋನ್ ಬಾಡಿಗೆಯವರು ಎಕರೆಗೆ ಸುಮಾರು ಹತ್ತು ಲೀಟರಿನಲ್ಲಿ ಹತ್ತು ನಿಮಿಷದೊಳಗೆ ಮುಗಿಸುತ್ತಾರೆ. ಸಾಲು ಕೂಡುವ ಮುಂಚೆ ಪರವಾಗಿಲ್ಲ, ಎಲೆ ಮುಚ್ಚಿಕೊಂಡ ಬೆಳೆಯಲ್ಲಿ ಹನಿ ಮೇಲಿನ ಎಲೆಯಲ್ಲೇ ನಿಲ್ಲುತ್ತದೆ, ಹುಳು ಕೆಳಗಿರುತ್ತದೆ.

ಏನು ಕೊಳ್ಳಬೇಕು

ಬಿತ್ತನೆಗೆ ಮುಂಚೆ: ಬೀಜೋಪಚಾರದ ಎರಡೂ ಔಷಧಿ ಪೂರ್ತಿ ಅಳತೆಯಲ್ಲಿ, ಸೋಯಾದ ರೈಜೋಬಿಯಂ, ಎರಡು ಬಲೆ, ಸರಿಯಾದ ಲ್ಯೂರ್. ಅಷ್ಟೇ. ಉಳಿದದ್ದನ್ನು ಜೂನ್‌ನಲ್ಲೇ ತಂದು ಅಟ್ಟದ ಮೇಲೆ ಇಟ್ಟರೆ, ಇದೆಯಲ್ಲ ಎಂದು ಹೊಡೆಯುವ ಕೈ ತುರಿಸುತ್ತದೆ. ಬಟ್ಟೆಯ ಮೇಲಿನ ಎಣಿಕೆ ಮಿತಿ ದಾಟಿದ ದಿನ 60 ಮಿ.ಲೀ. ಬಾಟಲಿ ಯಾವ ತಾಲ್ಲೂಕು ಪೇಟೆಯಲ್ಲಾದರೂ ಸಿಗುತ್ತದೆ. ಕೊಳ್ಳುವಾಗ ಬ್ಯಾಚ್ ಸಂಖ್ಯೆ ಬರೆದ ಬಿಲ್ ಕೇಳಿ, ಡಬ್ಬಿಯ ಮೇಲಿನ ಸಂಖ್ಯೆಗೆ ಅಲ್ಲೇ ತಾಳೆ ನೋಡಿ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಎಂಬುದು ಒಳಗಿನ ಮಡಚಿದ ಕಾಗದದಲ್ಲಿ ಕನ್ನಡದಲ್ಲೂ ಇರುತ್ತದೆ. ಹಸಿ ಕಾಯಿಗೆಂದು ಬೆಳೆದ ತರಕಾರಿ ಸೋಯಾ ಆದರೆ ಆ ದಿನಗಳನ್ನು ಎಣಿಸಿಯೇ ಬಾಟಲಿ ಆರಿಸಿ. ಒಣ ಕಾಳಿನ ಬೆಳೆಯಷ್ಟು ಸಮಯ ಅದಕ್ಕೆ ಸಿಗುವುದಿಲ್ಲ.